ಓದದೆ ಹಾಕಿದ ಸಹಿ

ಜನವರಿ 11, ಶನಿವಾರ

ಪ್ರೀತಿಯ ಗಂಟೆ ಅಕ್ಕ,

ನಮ್ಮ ಸಂಸ್ಥೆಯ ತರಬೇತಿ ಮುಗಿಸಿ ನೀವು ರೈಲು ಹತ್ತಿ ಇವತ್ತಿಗೆ ಎರಡು ತಿಂಗಳು. ಮೂರೇ ದಿನ ಒಂದು ಕೋಣೆಯಲ್ಲಿ ಮಲಗಿದ್ದೆವು, ಆದರೂ ನೀವು ನನ್ನನ್ನು ಎತ್ತಿ ಆಡಿಸಿದವರ ಹಾಗೆ ಅನಿಸುತ್ತೀರಿ. ಹದಿನೈದು ವರ್ಷ ಕಸದ ಗಾಡಿ ತಳ್ಳುತ್ತ, ಗಂಟೆ ಬಾರಿಸುತ್ತ ಬೀದಿ ಸುತ್ತಿದವರು ನೀವು. ಒಂದು ಮನೆಯ ಕಸ ನೋಡಿದರೆ ಆ ಮನೆಯ ಸಂಗತಿಯೆಲ್ಲ ಗೊತ್ತಾಗುತ್ತದೆ ಅಂದಿದ್ದಿರಿ. ಅದನ್ನು ಕೇಳಿದಾಗಿನಿಂದ ನನ್ನ ಬುಟ್ಟಿಗೆ ಮುಚ್ಚಳ ಹಾಕಿಡುತ್ತಿದ್ದೇನೆ, ನಗಬೇಡಿ.

ನನ್ನ ಮೇಜು ಈಗ ಏಳನೆಯ ಮಹಡಿಯ ಕಿಟಕಿಯ ಪಕ್ಕಕ್ಕೆ ಬಂದಿದೆ. ಬೆಳಗ್ಗೆ ಹತ್ತರವರೆಗೂ ಮೋಡ ಗಾಜಿಗೆ ಒರಗಿಕೊಂಡೇ ಇರುತ್ತದೆ. ಕೆಳಗಿನ ರಸ್ತೆ, ಬಸ್ಸು, ಜನ ಒಂದೂ ಕಾಣುವುದಿಲ್ಲ. ಆ ಬಿಳುಪಿನಲ್ಲಿ ಕೂತು ನಿಮ್ಮೆಲ್ಲರ ಕಥೆ ಬರೆಯುತ್ತೇನೆ. ಬರೆಯುತ್ತ ಬರೆಯುತ್ತ ನಾನು ಯಾರೆಂಬುದೇ ಮರೆಯುತ್ತದೆ. ಸ್ವಲ್ಪ ಹೊತ್ತು ಮೀನು ಮಾರುವವಳಾಗಿರುತ್ತೇನೆ, ಸ್ವಲ್ಪ ಹೊತ್ತು ಇಟ್ಟಿಗೆ ಹೊರುವವಳು.

ಈಗ ಕೆಲಸದ ಮಾತು. ಸಂಸ್ಥೆ ವರ್ಷಕ್ಕೊಮ್ಮೆ ‘ನನ್ನ ದನಿ’ ಅನ್ನುವ ಪುಸ್ತಕ ತರುತ್ತದಲ್ಲ, ಅದರಲ್ಲಿ ಈ ಸಲ ನಿಮ್ಮ ಕಥೆಯೂ ಇರುತ್ತದೆ. ದುಡಿಯುವ ಹೆಂಗಸರ ನಡುವೆ ಸಂಸ್ಥೆಯ ಕೆಲಸ ಮಾಡುವ ನಿಮ್ಮಂಥ ‘ಬೀದಿ ಗೆಳತಿಯರ’ ಕಥೆ, ನಿಮ್ಮದೇ ಮಾತಿನಲ್ಲಿ. ಅಂದರೆ ನಾನು ಬರೆಯುವುದು, ನೀವು ಕೆಳಗೆ ಸಹಿ ಹಾಕುವುದು. ಕರಡು ಇದರ ಜೊತೆಗಿದೆ. ಒಂದು ಸಾಲು ನನಗೆ ತುಂಬ ಹಿಡಿಸಿತು: ‘ಈ ಸಂಸ್ಥೆ ಬರುವ ಮೊದಲು ನನಗೆ ಕನಸುಗಳೇ ಇರಲಿಲ್ಲ.’ ಓದಿ ಹೇಳಿ.

ನಿಮ್ಮ ಏಳನೇ ಮಹಡಿಯ ತಂಗಿ


ಜನವರಿ 20, ಸೋಮವಾರ

ಮೋಡದ ತಂಗಿ,

ಕಾಗದ ಬಂತು. ಫೋನು ಇದೆಯಲ್ಲ, ಕಾಗದ ಯಾಕೆ ಅಂತ ಇಲ್ಲಿಯವರು ಕೇಳುತ್ತಾರೆ. ಫೋನು ಸಂಸ್ಥೆಯದು, ಅದರ ಕಿವಿಯೂ ಸಂಸ್ಥೆಯದು. ಮತ್ತೆ ನಾನು ಅಕ್ಷರ ಕಲಿತದ್ದೇ ನಲವತ್ತು ದಾಟಿದ ಮೇಲೆ. ಕಲಿತದ್ದನ್ನು ಎಲ್ಲಿಯಾದರೂ ಖರ್ಚು ಮಾಡಬೇಕಲ್ಲ.

ಕರಡು ಮೂರು ಸಲ ಓದಿದೆ. ಚೆನ್ನಾಗಿ ಬರೆಯುತ್ತೀಯ ಕಣೇ. ನನ್ನ ಕಷ್ಟ ಓದಿ ನನಗೇ ಅಯ್ಯೋ ಅನಿಸಿತು. ಆದರೆ ಕನಸೇ ಇರಲಿಲ್ಲ ಅಂತ ನಿನಗೆ ಯಾರು ಹೇಳಿದರು? ಮೊನ್ನೆ ಬೆಳಗಿನ ಜಾವದ ಕನಸು ಕೇಳು. ಹದಿನೈದು ವರ್ಷ ನಾನು ಎತ್ತಿ ಹಾಕಿದ ಸಾಮಾನೆಲ್ಲ ಎದ್ದು ಬೀದಿಗೆ ಬಂದಿತ್ತು. ಒಂಟಿ ಚಪ್ಪಲಿಗಳು, ಗಾಜಿಲ್ಲದ ಕನ್ನಡಕಗಳು, ಕೈ ಮುರಿದ ಬೊಂಬೆಗಳು, ಮುಳ್ಳು ಉದುರಿದ ಗಡಿಯಾರ. ಎಲ್ಲವೂ ತಂತಮ್ಮ ಮನೆ ಹುಡುಕಿಕೊಂಡು ಹೊರಟಿದ್ದವು. ನಾನು ನಡುಬೀದಿಯಲ್ಲಿ ನಿಂತು ದಾರಿ ಹೇಳುತ್ತಿದ್ದೆ. ನೀನು ಹಸಿರು ಗೇಟು, ನೀನು ಎರಡನೇ ಮಹಡಿ, ನೀನು ಮೂಲೆಮನೆ. ಮನೆಯವರು ಬಾಗಿಲು ತೆಗೆದು ‘ಓ, ಬಂದೆಯಾ’ ಅಂತ ಒಳಗೆ ಕರೆದುಕೊಂಡರು. ಇಂಥದ್ದು ನನಗೆ ವಾರಕ್ಕೆರಡು ಬೀಳುತ್ತದೆ, ಸಂಸ್ಥೆ ಹುಟ್ಟುವ ಮೊದಲಿನಿಂದಲೂ. ಆ ಸಾಲು ತೆಗೆ.

ಇನ್ನೊಂದು ವಿಷಯ. ನಮ್ಮ ಗುಬ್ಬಿ ಗೊತ್ತಲ್ಲ, ತರಬೇತಿಗೆ ಬಂದಿದ್ದ ಪುಟ್ಟ ಆಳು. ಈಗ ಆರು ತಿಂಗಳ ಬಸುರಿ. ಅವಳ ಹನ್ನೊಂದು ತಿಂಗಳ ಒಪ್ಪಂದ ಮುಗಿಯಿತು, ಹೊಸದು ಕೊಡುವುದಿಲ್ಲ ಅಂದರು. ದುಡಿಯುವ ತಾಯಂದಿರ ಆರೋಗ್ಯ ಅಂತ ಗೋಡೆಗೋಡೆಗೂ ಅವಳ ಕೈಯಲ್ಲೇ ಚೀಟಿ ಅಂಟಿಸಿದ್ದರು. ಅವಳ ಹೊಟ್ಟೆ ಮುಂದೆ ಬಂದದ್ದೇ ಬೇಡವಾದಳು. ಉಳಿದ ಆರು ಜನ ಸೇರಿ, ಅವಳನ್ನು ವಾಪಸ್ಸು ತಗೊಳ್ಳಿ ಅಂತ ಅರ್ಜಿ ಬರೆಯುತ್ತಿದ್ದೇವೆ. ಎಲ್ಲರೂ ಪೂರ್ತಿ ಓದಿದ ಮೇಲೆಯೇ ಸಹಿ. ಹಿಂದೆ ಕಸದ ಗುತ್ತಿಗೆಯವನು ಖಾಲಿ ಹಾಳೆಗೆ ನಮ್ಮ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಅವತ್ತಿನಿಂದ ಓದದೆ ಸಹಿ ಹಾಕಬಾರದು ಅಂತ ಇವರ ತಲೆ ತಿನ್ನುವುದೇ ನನ್ನ ಕೆಲಸ.

ಗಂಟೆ ಅಕ್ಕ


ಫೆಬ್ರವರಿ 3, ಸೋಮವಾರ

ಪ್ರೀತಿಯ ಅಕ್ಕ,

ನಿಮ್ಮ ಕನಸನ್ನು ಎರಡು ದಿನ ಜೊತೆಯಲ್ಲಿಟ್ಟುಕೊಂಡು ಓಡಾಡಿದೆ. ನಿನ್ನೆ ಮನೆಯ ಮೆಟ್ಟಿಲ ಮೇಲೆ ಯಾರದೋ ಒಂಟಿ ಕೈಚೀಲ ಬಿದ್ದಿತ್ತು. ದಾರಿ ಕೇಳಲು ಬಂದಿದೆಯೇನೋ ಅನಿಸಿತು.

ನೀವು ಹೇಳಿದ ಹಾಗೆ ಆ ಸಾಲು ತೆಗೆದಿದ್ದೇನೆ. ಉಳಿದಂತೆ ನೀವು ಒಪ್ಪಿದ ಕಥೆಯೇ. ಮುದ್ರಣದವರು ಬಾಗಿಲಲ್ಲಿ ನಿಂತಿದ್ದಾರೆ. ಕೊನೆಯ ಪ್ರತಿ ಇದರ ಜೊತೆಗಿದೆ, ಸಹಿ ಹಾಕಿ ಕೂಡಲೇ ಕಳಿಸಿಬಿಡಿ.

ಗುಬ್ಬಿಯ ವಿಷಯ ಓದಿ ಬೇಜಾರಾಯಿತು. ಆದರೆ ಅರ್ಜಿಗೆ ಅವಸರ ಬೇಡ ಅಕ್ಕ. ದೊಡ್ಡ ಮೇಡಂ ಒಳ್ಳೆಯವರು, ಅವರಿಗೆ ಇದು ಗೊತ್ತೇ ಇರಲಿಕ್ಕಿಲ್ಲ. ನಾನು ಸಮಯ ನೋಡಿ ಅವರ ಕಿವಿಗೆ ಹಾಕುತ್ತೇನೆ. ಕಾಗದದಲ್ಲಿ ಬರೆದರೆ ಮಾತು ಗಟ್ಟಿಯಾಗಿಬಿಡುತ್ತದೆ.

ಇವತ್ತು ಮೋಡ ಮಧ್ಯಾಹ್ನವಾದರೂ ಹೋಗಿಲ್ಲ.

ನಿಮ್ಮ ತಂಗಿ


ಫೆಬ್ರವರಿ 12, ಬುಧವಾರ

ಮೋಡದ ತಂಗಿ,

ಸಹಿ ಹಾಕಿ ಇದರಲ್ಲೇ ಇಟ್ಟಿದ್ದೇನೆ. ಸಾಲು ತೆಗೆದೆ ಅಂತ ನೀನೇ ಹೇಳಿದ ಮೇಲೆ ಮತ್ತೆ ಓದುವುದೇನು? ಅಂಚೆಯವನು ಹೊರಗೆ ಸೈಕಲ್ ಗಂಟೆ ಬಾರಿಸುತ್ತಿದ್ದ. ನನ್ನ ಹೆಸರು ಈ ಸಲ ನೇರವಾಗಿ ಬಂದಿದೆ, ನೋಡು. ಕೊನೆಯ ಅಕ್ಷರಕ್ಕೆ ಬಾಲ ಕೂಡ ಬಿಟ್ಟಿದ್ದೇನೆ.

ಅರ್ಜಿ ಮೊನ್ನೆಯೇ ಕೊಟ್ಟೆವು. ವಲಯದ ಸಾರ್ ಓದಿ ಮುಖ ಗಂಟಿಕ್ಕಿಕೊಂಡರು. ‘ನಿಮಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರು?’ ಅಂದರು. ಯಾರೂ ಇಲ್ಲ ಸಾರ್, ನೀವೇ ಅಕ್ಷರ ಹೇಳಿಕೊಟ್ಟಿರಿ ಅಂದೆ. ಗುಬ್ಬಿ ನಕ್ಕುಬಿಟ್ಟಳು. ನಗಬಾರದಿತ್ತು.

ಬೆಳಗ್ಗೆ ನಮ್ಮ ಹಳೆಯ ಬೀದಿಗಳಲ್ಲಿ ಸುಮ್ಮನೆ ನಡೆದು ಬಂದೆ. ಮಂಜು ಇತ್ತು. ಮನೆಗಳೆಲ್ಲ ನಿದ್ದೆಯಲ್ಲಿ ಉಸಿರಾಡುತ್ತಿದ್ದವು. ಮೂಲೆಮನೆಯ ಡಬ್ಬದಲ್ಲಿ ಒಣಗಿದ ಹೂವಿನ ಗುಚ್ಛ, ಪಕ್ಕದ ಮನೆಯದರಲ್ಲೂ ಅದೇ ಹೂವು. ಆ ಎರಡು ಮನೆಯವರೂ ಮಾತು ಬಿಟ್ಟು ನಾಲ್ಕು ವರ್ಷ. ಒಂದೇ ಹೂವು ಹೇಗೆ ಬಂತು ಅಂತ ಯೋಚಿಸುತ್ತ ಯೋಚಿಸುತ್ತ ನನ್ನ ಬೀದಿ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಎಲ್ಲ ಚೆನ್ನಾಗಿದೆ. ಚಿಂತೆ ಮಾಡಬೇಡ.

ಗಂಟೆ ಅಕ್ಕ


ಮಾರ್ಚ್ 30, ಭಾನುವಾರ

ತಂಗಿ,

ಒಂದೂವರೆ ತಿಂಗಳಾಯಿತು, ನಿನ್ನ ಸುದ್ದಿಯಿಲ್ಲ. ಪುಸ್ತಕ ನೋಡಿದೆ. ನನ್ನ ಚಿತ್ರ ಚೆನ್ನಾಗಿ ಬಂದಿದೆ. ಆ ಚಿತ್ರ ಮೇಜಿನ ಮೇಲಿಟ್ಟುಕೊಂಡೇ ನನ್ನನ್ನು ಕೆಲಸದಿಂದ ನಿಲ್ಲಿಸಿದರು.

ಹೀಗಾಯಿತು. ವಲಯದ ಸಾರ್ ಕರೆಸಿ ಪುಸ್ತಕ ತೆರೆದು ಓದಿದರು: ‘ಈ ಸಂಸ್ಥೆ ನನ್ನ ತವರುಮನೆ. ಇಲ್ಲಿ ನನಗಾಗಲಿ ನನ್ನ ಜೊತೆಯವರಿಗಾಗಲಿ ಯಾವ ಕೊರತೆಯೂ ಆಗಿಲ್ಲ. ಇನ್ನು ಕೇಳಬೇಕಾದ್ದು ಏನೂ ಉಳಿದಿಲ್ಲ.’ ಕೆಳಗೆ ನನ್ನ ಸಹಿ, ಬಾಲದ ಸಮೇತ.

‘ಅರ್ಜಿ ಕೊಟ್ಟ ಎರಡೇ ದಿನಕ್ಕೆ ಇದಕ್ಕೆ ಸಹಿ ಹಾಕಿದ್ದೀಯ. ಯಾವುದು ಸುಳ್ಳು?’ ಅಂದರು.

ಪುಸ್ತಕ ನನ್ನ ಕಡೆಗೆ ತಿರುಗಿಸಿಕೊಂಡು ನೋಡಿದೆ. ಸಹಿ ನನ್ನದೇ, ಅದು ನನಗೆ ಗೊತ್ತಾಗದೆ? ಸಂಸ್ಥೆಯ ಹೆಸರು ಕೆಡಿಸಲು ಸುಳ್ಳು ಅರ್ಜಿ ಬರೆದೆ, ಉಳಿದವರನ್ನು ಎತ್ತಿಕಟ್ಟಿದೆ ಅಂತ ಈಗ ನನ್ನ ಮೇಲೆ ವಿಚಾರಣೆ. ಏಪ್ರಿಲ್ 28ಕ್ಕೆ ನಿಮ್ಮ ಏಳನೇ ಮಹಡಿಗೇ ಬರಬೇಕಂತೆ. ಅರ್ಜಿ ಸುಳ್ಳು ಅಂತಾದರೆ ನನ್ನ ಕೆಲಸ ಹೋಯಿತು, ಗುಬ್ಬಿಯದೂ ಹೋಯಿತು.

ಆ ಸಾಲನ್ನು ನಿನಗೆ ಗೊತ್ತಿಲ್ಲದೆ ಪ್ರೆಸ್ಸಿನವರೋ ಮೇಲಿನವರೋ ಸೇರಿಸಿರಬೇಕು. ನೀನು ಬಂದು ಒಂದೇ ಒಂದು ಮಾತು ಹೇಳಿದರೆ ಸಾಕು: ಇದು ಇವಳ ಮಾತಲ್ಲ ಅಂತ. ಅಷ್ಟೇ. ಓದದೆ ಸಹಿ ಹಾಕಿದ್ದು ನನ್ನ ತಪ್ಪು. ಊರಿಗೆಲ್ಲ ಪಾಠ ಹೇಳಿದವಳು ನಾನೇ ಹೀಗೆ ಮಾಡಿದೆನಲ್ಲ ಅಂತ ನಾಚಿಕೆಯಾಗಿ ಜೊತೆಯವರಿಗಿನ್ನೂ ಹೇಳಿಲ್ಲ.

ಗಂಟೆ ಅಕ್ಕ


ಏಪ್ರಿಲ್ 14, ಸೋಮವಾರ

ತಂಗಿ,

ನಿನ್ನ ಉತ್ತರ ಬರಲಿಲ್ಲ. ಅಂಚೆ ತಪ್ಪಿರಬಹುದು ಅಂತ ಮತ್ತೆ ಬರೆಯುತ್ತಿದ್ದೇನೆ. ಅಂಚೆಯವನಿಗೆ ನನ್ನನ್ನು ಕಂಡರೆ ಈಗ ಭಯ. ದೂರದಿಂದಲೇ ತಲೆ ಅಲ್ಲಾಡಿಸಿಕೊಂಡು ಬರುತ್ತಾನೆ.

ಗುಬ್ಬಿಗೆ ಶುಕ್ರವಾರ ಹೆಣ್ಣುಮಗು. ಬೆಳಗ್ಗೆ ಗಾಡಿಗಳು ಹೊರಡುವ ಹೊತ್ತಿಗೆ ಸರಿಯಾಗಿ ಹುಟ್ಟಿತು. ಓಣಿಯ ತುಂಬ ಗಂಟೆ, ಒಳಗೆ ಮಗುವಿನ ಅಳು. ಯಾವುದು ಯಾವುದು ಅಂತ ಬೇರೆ ಮಾಡಲಾಗಲಿಲ್ಲ. ನಾನು ಎತ್ತಿಕೊಂಡಾಗ ಕಣ್ಣು ಬಿಟ್ಟಿತು. ಯಾರನ್ನೋ ಹುಡುಕುವ ಹಾಗೆ ನನ್ನ ಹಿಂದೆ ನೋಡಿತು. ತಿರುಗಿ ನೋಡಿದೆ, ಯಾರೂ ಇರಲಿಲ್ಲ, ಬಿಸಿಲು ಮಾತ್ರ ಒಳಗೆ ಬಂದಿತ್ತು.

ಉಳಿದ ಐದು ಜನಕ್ಕೂ ಒಂದೊಂದು ಕಾಗದ ಕೊಟ್ಟಿದ್ದಾರೆ. ಗಂಟೆ ಅಕ್ಕ ಹೆದರಿಸಿ ಅರ್ಜಿಗೆ ಸಹಿ ಹಾಕಿಸಿದಳು ಅಂತ ಅದರಲ್ಲಿದೆ. ಇದುವರೆಗೂ ಯಾರೂ ಸಹಿ ಹಾಕಿಲ್ಲ. ಅವರ ಮನೆಗಳಲ್ಲಿ ಜಗಳ ಶುರುವಾಗಿದೆ. ಎಷ್ಟು ದಿನ ತಡೆದಾರು? ಓದದೆ ಸಹಿ ಹಾಕಿದ್ದನ್ನು ನಿನ್ನೆ ಇವರಿಗೆ ಹೇಳಿದೆ. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

28ಕ್ಕೆ ಬರುತ್ತೀಯಲ್ಲ?

ಗಂಟೆ ಅಕ್ಕ


ಏಪ್ರಿಲ್ 21, ಸೋಮವಾರ

ಪ್ರೀತಿಯ ಅಕ್ಕ,

ಕ್ಷಮಿಸಿ. ಕಾಗದಗಳು ಬಂದಿವೆ, ಎಲ್ಲವೂ. ಬರೆಯಲು ಕೂರುತ್ತೇನೆ, ಕಿಟಕಿ ನೋಡುತ್ತೇನೆ, ಸಂಜೆಯಾಗಿರುತ್ತದೆ.

ಒಂದು ಕನಸು ಮತ್ತೆ ಮತ್ತೆ ಬೀಳುತ್ತಿದೆ. ನಾನು ಕಥೆ ಬರೆದ ಹೆಂಗಸರೆಲ್ಲ ಮೆಟ್ಟಿಲು ಹತ್ತಿ ಏಳನೇ ಮಹಡಿಗೆ ಬಂದಿರುತ್ತಾರೆ. ಮೀನು ಮಾರುವವರು, ಇಟ್ಟಿಗೆ ಹೊರುವವರು, ಒಗೆಯುವವರು. ಒಬ್ಬೊಬ್ಬರ ಕೈಯಲ್ಲೂ ಪುಸ್ತಕ. ತಮ್ಮ ತಮ್ಮ ಪುಟವನ್ನು ಬಹಳ ಮರ್ಯಾದೆಯಿಂದ ಓದುತ್ತಾರೆ. ಆಮೇಲೆ ಪಕ್ಕದವಳನ್ನು ಕೇಳುತ್ತಾರೆ: ‘ಇದು ಯಾರಮ್ಮ? ಪಾಪ, ಒಳ್ಳೆಯವಳ ಹಾಗೆ ಕಾಣುತ್ತಾಳೆ.’ ನನಗೆ ಎದ್ದು ಹೇಳಬೇಕು ಅನಿಸುತ್ತದೆ. ಮೋಡ ಒಳಗೆ ಬಂದು ತುಂಬಿಕೊಳ್ಳುತ್ತದೆ.

ಗುಬ್ಬಿಯ ಮಗುವಿಗೆ ನನ್ನ ಮುದ್ದು. 28ಕ್ಕೆ ಬರುತ್ತೇನೆ.

ನಿಮ್ಮ ತಂಗಿ


ಏಪ್ರಿಲ್ 29, ಮಂಗಳವಾರ

ಅಕ್ಕ,

ನಿನ್ನೆ ಬರಲಾಗಲಿಲ್ಲ. ಭಾನುವಾರದಿಂದ ಸುಡುವ ಜ್ವರ. ತಲೆಯೆತ್ತಲೂ ಆಗಲಿಲ್ಲ. ವಿಚಾರಣೆಯ ಸಮಿತಿಗೆ ಹೇಳಿ ಕಳಿಸಿದ್ದೆ, ನಿಮಗೆ ತಿಳಿಸಿದರೋ ಇಲ್ಲವೋ. ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಹುಷಾರಾದ ಮೇಲೆ ವಿವರವಾಗಿ ಬರೆಯುತ್ತೇನೆ.

ತಂಗಿ


ಮೇ 5, ಸೋಮವಾರ

ತಂಗಿ,

ನಿನ್ನ ಜ್ವರದ ಕಾಗದ ಬಂತು. ಸಮಿತಿಯವರು ವಿಚಾರಣೆಯ ದಿನವೇ ಹೇಳಿದ್ದರು. ಉದ್ದನೆಯ ಮೇಜು, ಆ ಕಡೆ ಐದು ಜನ, ಈ ಕಡೆ ನಾನು. ಅವರ ಮುಂದೆ ಹೆಸರು ಬರೆದ ಪಿಂಗಾಣಿ ಲೋಟಗಳು, ನನ್ನ ಮುಂದೆ ಕಾಗದದ ಲೋಟ. ಎಲ್ಲರೂ ಬೆಣ್ಣೆಯ ಹಾಗೆ ಮಾತಾಡಿದರು. ನನ್ನ ಪಕ್ಕದ ಕುರ್ಚಿ ನಿನಗೆ ಅಂತ ಇಟ್ಟಿದ್ದರು, ಅದರ ಮೇಲೆ ನನ್ನ ಕೈಚೀಲ ಇಟ್ಟೆ.

ಜ್ವರದ ಹುಡುಗಿ, ಒಬ್ಬಳೇ ಇರುತ್ತಾಳೆ, ನೋಡಿಕೊಂಡೇ ಹೋಗೋಣ ಅನಿಸಿತು. ಸ್ಟೇಷನ್ನಿನಲ್ಲಿ ಮಲಗಿದ್ದು ಮಾರನೆಯ ಬೆಳಗ್ಗೆ ಎರಡು ಕಿತ್ತಳೆ ಹಿಡಿದುಕೊಂಡು ನಿನ್ನ ಬೀದಿಗೆ ಬಂದೆ. ನಿನ್ನ ಬೀದಿ ಎಷ್ಟು ಚೆಂದ. ಮಂಜಿನಲ್ಲಿ ಮರಗಳಿಗೆ ಕಾಲೇ ಇರಲಿಲ್ಲ. ಕಸದವರು ಇನ್ನೂ ಬಂದಿರಲಿಲ್ಲ. ಗೇಟಿನ ಹೊರಗೆ ನಿನ್ನ ಬುಟ್ಟಿ, ಮುಚ್ಚಳದ ಸಮೇತ.

ಅಭ್ಯಾಸ ಬಿಡುತ್ತದೆಯೇ? ತೆಗೆದೆ. ಮಾತ್ರೆಯ ಸಿಪ್ಪೆಯೊಂದೂ ಇಲ್ಲ. ಗಂಜಿಯ ತಿಳಿಯಿಲ್ಲ, ನಿಂಬೆಯ ಹೋಳಿಲ್ಲ. ಕರಿದ ತಿಂಡಿಯ ಎಣ್ಣೆ ಕಾಗದ ಇತ್ತು. ಜ್ವರ ಬಂದವರು ಕರಿದದ್ದು ತಿನ್ನುವುದಿಲ್ಲ ಕಣೇ. ಅದರ ಕೆಳಗೆ ಹರಿದ ಹಾಳೆಗಳು, ಕೈತುಂಬ. ಮೇಲಿನ ಚೂರಿನಲ್ಲಿ ನಿನ್ನ ಅಕ್ಷರ: ‘ಆ ಸಾಲನ್ನು ಬರೆದವಳು ನಾನೇ.’

ಬಾಗಿಲು ತಟ್ಟಲಿಲ್ಲ. ಕಿತ್ತಳೆ ಗೇಟಿನ ಮೇಲೂ ಇಡಲಿಲ್ಲ. ರೈಲಿನಲ್ಲಿ ನಾನೇ ತಿಂದೆ, ಹುಳಿ ಇತ್ತು.

ಮನೆಗೆ ಬಂದು ಜೊತೆಯವರೆಲ್ಲ ಕೂತು ಚೂರುಗಳನ್ನು ಅಂಟಿಸಿದೆವು. ಒಟ್ಟು ಐದು ಕಾಗದ, ಐದೂ ಸಮಿತಿಗೆ ಬರೆದದ್ದು, ಐದೂ ಹರಿದದ್ದು. ಎರಡನೆಯದರಲ್ಲಿ ಎಲ್ಲ ಇದೆ. ನಾನು ಕನಸಿನ ಸಾಲು ತೆಗೆ ಅಂದದ್ದು, ನೀನು ಆ ಜಾಗದಲ್ಲಿ ತವರುಮನೆಯ ಸಾಲು ಹಾಕಿದ್ದು, ನನಗೆ ಹೇಳದೇ ಸಹಿ ತರಿಸಿಕೊಂಡದ್ದು. ಓದುತ್ತಿದ್ದವಳು ಗುಬ್ಬಿ. ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ‘ಓದು’ ಅಂದೆ.

ಇಷ್ಟು ದಿನ ಬೇರೆ ಯಾರೋ ಸೇರಿಸಿದ್ದು ಅಂತ ನಂಬಿಕೊಂಡಿದ್ದೆ. ಯಾರು ಎಷ್ಟು ಹೇಳಿದರೂ ನಂಬಿಕೊಂಡಿದ್ದೆ.

ಇವರೆಲ್ಲ ಒಂದೇ ಸಮನೆ ಹಿಡಿದುಕೊಂಡರು: ‘ಅಕ್ಕ, ಇದನ್ನೇ ಸಮಿತಿಗೆ ಕೊಡು. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?’ ಕೊಡಬಹುದಿತ್ತು. ಬೀದಿಗೆ ಬಿಸಾಕಿದ್ದು ಎತ್ತಿಕೊಂಡವರದ್ದು, ನಮ್ಮ ಕಸುಬಿನಲ್ಲಿ ಅದೇ ಕಾನೂನು. ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಆದರೆ ನನಗೆ ಗೊತ್ತಿಲ್ಲದ ಮಾತನ್ನು ನನ್ನ ಹೆಸರಿನಲ್ಲಿ ಯಾರೋ ಮೇಜಿನ ಮೇಲಿಟ್ಟಾಗ ಹೊಟ್ಟೆ ಹೇಗೆ ಉರಿಯುತ್ತದೆ ಅಂತ ನನಗೆ ಗೊತ್ತು. ನೀನು ಬೇಡವೆಂದು ಹರಿದ ಮಾತನ್ನು ನಾನು ನಿನ್ನ ಹೆಸರಿನಲ್ಲಿ ಇಡಲಾರೆ. ಐದನ್ನೂ ಇದರ ಜೊತೆಗೆ ಕಳಿಸುತ್ತಿದ್ದೇನೆ. ಪ್ರತಿ ಇಟ್ಟುಕೊಂಡಿಲ್ಲ. ಇವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಮೇ 16, ಶುಕ್ರವಾರ, ಸಮಿತಿ ಕೊನೆಯ ಸಲ ಸೇರುತ್ತದೆ. ನನ್ನನ್ನು ಕರೆದಿಲ್ಲ. ನಿನ್ನನ್ನು ಕರೆದಿರುತ್ತಾರೆ.

ಗಂಟೆ ಅಕ್ಕ


ಮೇ 17, ಶನಿವಾರ

ಅಕ್ಕ,

ನಿನ್ನೆ ಹೋಗಿದ್ದೆ. ಹೇಳಿದೆ.

ಅಂಟಿಸಿದ ಎರಡನೆಯ ಕಾಗದವನ್ನೇ ಕೊಟ್ಟೆ. ಬೇರೆ ಬರೆಯಲು ಹೋದರೆ ಮತ್ತೆ ಚೆಂದ ಮಾಡುತ್ತೇನೆ ಅಂತ ಭಯವಾಯಿತು. ಹರಿದ ಗೆರೆಗಳ ಮೇಲೆಯೇ ಸಹಿ ಹಾಕಿದೆ. ‘ಇದು ಯಾಕೆ ಹೀಗಿದೆ?’ ಅಂತ ಕೇಳಿದರು. ಹೆದರಿ ಹರಿದಿದ್ದೆ, ಗಂಟೆ ಅಕ್ಕ ಆರಿಸಿ ಅಂಟಿಸಿ ನನಗೇ ವಾಪಸ್ಸು ಕಳಿಸಿದರು ಅಂದೆ.

ದೊಡ್ಡ ಮೇಡಂ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ‘ನೀನು ದಣಿದಿದ್ದೀಯ ಮಗು. ಫೋನಿನಲ್ಲಿ ನೀನೇ ಅವಳಿಗೆ ಓದಿ ಹೇಳಿದ್ದೆ, ಅವಳು ಹೂಂ ಅಂದಿದ್ದಳು. ಹಾಗೇ ಅಲ್ವಾ? ನೆನಪು ಮಾಡ್ಕೋ’ ಅಂದರು. ಆ ಕೈ ಬೆಚ್ಚಗಿತ್ತು ಅಕ್ಕ. ಆರು ವರ್ಷದಿಂದ ಆ ಕೈಗಾಗಿಯೇ ಬರೆದಿದ್ದೇನೆ. ಇಲ್ಲ ಮೇಡಂ, ಓದಿ ಹೇಳಿರಲಿಲ್ಲ ಅಂದೆ. ಕೈ ತೆಗೆದರು.

ಯಾಕೆ ಬರೆದೆ ಅಂತ ನೀವು ಒಂದು ಕಾಗದದಲ್ಲೂ ಕೇಳಿಲ್ಲ. ಹೇಳುತ್ತೇನೆ. ನೀವು ಬೇಡವೆಂದ ಸಾಲು ತೆಗೆದು ಕೊಟ್ಟೆ. ಮೇಡಂ ಆ ಜಾಗದ ಅಂಚಿನಲ್ಲಿ ‘ಕೃತಜ್ಞತೆ ಕಾಣಬೇಕು’ ಅಂತ ಗೀಚಿ ವಾಪಸ್ಸು ಕೊಟ್ಟರು. ಪ್ರತಿ ವರ್ಷ, ಪ್ರತಿ ಕಥೆಗೂ ಅದೇ ಮಾತು. ನಾನು ಕಾಣಿಸಿದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ತವರುಮನೆ ಅನ್ನುವ ಪದ ಹೊಳೆದಾಗ ಖುಷಿಯಾಗಿತ್ತು, ಅದೇ ನನಗೆ ಈಗ ಎಲ್ಲಕ್ಕಿಂತ ಅಸಹ್ಯ. ನಿಮ್ಮ ಅರ್ಜಿಯ ಬಗ್ಗೆ ಗೊತ್ತಿದ್ದೂ ಬರೆದೆ. ಆಮೇಲೆ ನೀವು ಪ್ರೆಸ್ಸಿನವರ ಮೇಲೆ ಅನುಮಾನ ಪಟ್ಟಾಗ ನನಗೆ ಎಷ್ಟು ಹಗುರವಾಯಿತು ಗೊತ್ತೇ? ಅದಕ್ಕೇ ಉತ್ತರ ಬರೆಯಲಿಲ್ಲ. ಮೇಡಮ್ಮಿನ ಕಿವಿಗೆ ಗುಬ್ಬಿಯ ವಿಷಯ ಹಾಕುತ್ತೇನೆ ಅಂದಿದ್ದೆನಲ್ಲ, ಅದನ್ನೂ ಹಾಕಿರಲಿಲ್ಲ.

ಅಂಚಿನ ಮಾತನ್ನೂ ಸಮಿತಿಗೆ ಹೇಳಿದೆ. ಆವರೆಗೂ ಓಡುತ್ತಿದ್ದ ಗುಮಾಸ್ತೆಯ ಪೆನ್ನು ಅಲ್ಲಿ ನಿಂತಿತು. ಪುಸ್ತಕದ ಹನ್ನೆರಡು ಕಥೆಗಳಲ್ಲಿ ನಿಮ್ಮದನ್ನು ಬಿಟ್ಟು ಇನ್ನೂ ಏಳರಲ್ಲಿ ಇಂಥ ಸಾಲುಗಳಿವೆ. ಆ ಏಳೂ ಜನಕ್ಕೆ ನಾನೇ ಕಾಗದ ಹಾಕಿದ್ದೇನೆ. ಯಾವ ಸಾಲು ಅವರದ್ದಲ್ಲ, ನನ್ನದು ಅಂತ ಗುರುತು ಮಾಡಿ ಕಳಿಸಿದ್ದೇನೆ. ನಿಮ್ಮ ವಿಳಾಸವನ್ನೂ ಬರೆದಿದ್ದೇನೆ, ಕೇಳದೆ ಬರೆದೆ, ಕ್ಷಮಿಸಿ.

ಸಂಜೆ ನನ್ನ ಮೇಜಿನ ಸಾಮಾನು ಒಂದು ಪೆಟ್ಟಿಗೆಗೆ ತುಂಬಿಸಿ ಬಾಗಿಲಲ್ಲಿಟ್ಟಿದ್ದರು. ರಸ್ತೆಗಿಳಿದು ತಲೆಯೆತ್ತಿ ನೋಡಿದೆ. ಕೆಳಗಿನಿಂದ ಮೋಡವೇ ಕಾಣುವುದಿಲ್ಲ. ಗಾಜು ಅಷ್ಟೇ. ಊರಿನಲ್ಲಿರುವ ಅಮ್ಮನಿಗೆ ಕೆಲಸ ಹೋದದ್ದು ಇನ್ನೂ ಹೇಳಿಲ್ಲ.

ನಿಮಗೆ ತಂಗಿ ಅಂತ ಸಹಿ ಹಾಕಲು ಕೈ ಬರುತ್ತಿಲ್ಲ.


ಜೂನ್ 2, ಸೋಮವಾರ

ತಂಗಿ,

ಗುರುವಾರ ವಲಯದ ಸಾರ್ ಮನೆಗೇ ಬಂದಿದ್ದರು. ನಮ್ಮ ಓಣಿಗೆ ಅವರು ಕಾಲಿಟ್ಟದ್ದು ಇದೇ ಮೊದಲು. ಬೂಟು ಎಲ್ಲಿಡಲಿ ಅಂತ ನೋಡುತ್ತಿದ್ದರು. ಒಳ್ಳೆಯ ಸುದ್ದಿ ತಂದಿದ್ದೇನೆ ಅಂದರು. ನನಗೂ ಗುಬ್ಬಿಗೂ ಕೆಲಸ ವಾಪಸ್ಸು. ಒಂದು ಕಾಗದಕ್ಕೆ ನಾನು ಸಹಿ ಹಾಕಬೇಕು, ಅಷ್ಟೇ.

ಓದಿದೆ. ನಿಧಾನವಾಗಿ, ಬೆರಳಿಟ್ಟು ಓದಿದೆ. ಸಾರ್ ಎರಡು ಸಲ ಗಡಿಯಾರ ನೋಡಿಕೊಂಡರು. ಕಥೆ ಬರೆಯುವ ಹುಡುಗಿಯೊಬ್ಬಳು ತನ್ನ ಸ್ವಂತ ಬುದ್ಧಿಯಿಂದ ನನಗೆ ಮೋಸ ಮಾಡಿದಳು, ಸಂಸ್ಥೆಗೆ ಇದರ ಸುಳಿವೂ ಇರಲಿಲ್ಲ, ಸಂಸ್ಥೆ ನನಗೆ ನ್ಯಾಯ ಕೊಟ್ಟಿದೆ. ಇಷ್ಟು ಅದರಲ್ಲಿತ್ತು.

ಮೊದಲಿನ ಮಾತು ಸುಳ್ಳಲ್ಲವಲ್ಲ. ನೀನು ಮೋಸ ಮಾಡಿದ್ದು ನಿಜ. ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಹೊರಗೆ ಯಾರೋ ಬಟ್ಟೆ ಹರವುತ್ತಿದ್ದರು, ಸೀರೆಯ ನೆರಳು ಕಾಗದದ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗುತ್ತಿತ್ತು. ಅಕ್ಷರ ಮುಳುಗುತ್ತವೆ, ಏಳುತ್ತವೆ. ನೀರಿನೊಳಗೆ ಕೂತು ಓದಿದ ಹಾಗಿತ್ತು. ನಾನು ಕನಸಿನಲ್ಲಿದ್ದೇನೋ ಎಚ್ಚರದಲ್ಲಿದ್ದೇನೋ ತಿಳಿಯಲಿಲ್ಲ. ಕೆಲಸ ಬೇಕಿತ್ತು ತಂಗಿ, ತುಂಬ ಬೇಕಿತ್ತು.

ಸಹಿ ಹಾಕಿದರೆ ನನ್ನೊಬ್ಬಳದಲ್ಲ, ಗುಬ್ಬಿಯದೂ ಅನ್ನ. ಅದಕ್ಕೆ ಅವಳ ಕೈಗೆ ಕೊಟ್ಟೆ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಓದಿದಳು.

‘ಅಂಚಿನಲ್ಲಿ ಬರೆದದ್ದು ಇದರಲ್ಲಿ ಎಲ್ಲಿದೆ ಸಾರ್?’ ಅಂದಳು.

‘ಅದೆಲ್ಲ ಯಾಕಮ್ಮ ಈಗ? ನಿನಗೆ ಕೆಲಸ ಸಿಕ್ತಲ್ಲ.’

‘ಅದೂ ಬರೀರಿ. ಮೇಡಂ ಹಾಗೆ ಬರೆಸ್ತಿದ್ರು ಅಂತ. ಆಮೇಲೆ ಅಕ್ಕ ಸಹಿ ಹಾಕ್ತಾಳೆ.’

ಸಾರ್ ನನ್ನ ಕಡೆ ತಿರುಗಿ, ‘ನೋಡಮ್ಮ, ಆ ಹುಡುಗಿ ನಿನಗೆ ಏನು ಮಾಡಿದಳು ಅಂತ ಮರೆತೆಯಾ?’ ಅಂದರು.

ಇಲ್ಲ ಸಾರ್, ಮರೆತಿಲ್ಲ ಅಂದೆ. ಪೆನ್ನು ಮುಚ್ಚಿ ಅವರ ಜೇಬಿಗೇ ಸಿಕ್ಕಿಸಿದೆ. ಕಾಗದ ಮಡಚಿಕೊಂಡು ಹೋದರು. ಕೆಲಸವೂ ಅದರ ಜೊತೆ ಹೋಯಿತು. ಇವರೆಲ್ಲ ಈಗ ನನ್ನ ಜೊತೆ ಮಾತಾಡುತ್ತಿದ್ದಾರೆ, ಅದೂ ಅತಿಯಾಗಿ.

ನೀನು ಕಾಗದ ಹಾಕಿದ ಏಳು ಜನರಲ್ಲಿ ನಾಲ್ವರು ನನಗೆ ಬರೆದಿದ್ದಾರೆ. ಮೀನಿನವಳು ತಾನೇ ಬರೆದಿದ್ದಾಳೆ, ಒಗೆಯುವವಳು ಯಾರ ಕೈಯಲ್ಲೋ ಬರೆಸಿ ಮತ್ತೊಬ್ಬರ ಕೈಯಲ್ಲಿ ಓದಿಸಿಕೊಂಡು ಕಳಿಸಿದ್ದಾಳೆ. ಬರುವ ಭಾನುವಾರ ಎಲ್ಲರೂ ನಮ್ಮ ಓಣಿಗೆ ಬರುತ್ತಾರೆ. ಸೇರಿ ಏನು ಮಾಡುವುದು ಅಂತ ಕೂತು ಮಾತಾಡಬೇಕು. ದೊಡ್ಡದೇನೋ ಆಗಿಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಸಂಸ್ಥೆ ದೊಡ್ಡದು, ನಾವು ಹತ್ತು ಹನ್ನೊಂದು ಜನ.

ನೀನೂ ಬಾ. ನಿನ್ನನ್ನು ಕ್ಷಮಿಸಿಬಿಟ್ಟೆ ಅಂದುಕೊಂಡು ಬರಬೇಡ. ನಿನ್ನ ಮೇಲೆ ನನಗೆ ಸಿಟ್ಟಿದೆ, ಬೇಕಾದಷ್ಟಿದೆ. ಆ ಸಿಟ್ಟು ನನ್ನದು. ಅದನ್ನು ಸಂಸ್ಥೆಯವರ ಕೆಲಸಕ್ಕೆ ಕೊಡಲು ನನ್ನಿಂದಾಗಲಿಲ್ಲ. ಬೆಳಗಿನ ರೈಲಿಗೆ ಬಾ, ಉಳಿದವರು ಬರುವ ಮೊದಲು ಎದುರಿಗೆ ಕೂರಿಸಿಕೊಂಡು ಬೈಯಬೇಕು.

ನಿನ್ನ ಅಕ್ಕ